ಕಾಗೆ ಮುಟ್ಟದ ತಿಂಗಳುಗಳು

ನನಗೆ ನಲವತ್ತೊಂಬತ್ತು ತುಂಬುವ ಹೊತ್ತಿಗೆ ನಿದ್ದೆ ಬಿಟ್ಟುಹೋಯಿತು. ಮುಟ್ಟು ನಿಲ್ಲುವ ಕಾಲ. ಇದ್ದಕ್ಕಿದ್ದಂತೆ ಮೈ ಕಾಯುವುದು, ರವಿಕೆ ಬೆವರಿನಲ್ಲಿ ತೊಯ್ಯುವುದು, ಹಿಂದೆಯೇ ಚಳಿ. ಲೇಡಿ ಡಾಕ್ಟರರ ಹತ್ತಿರ ಹೋದೆ. ನನ್ನ ಮಗಳ ಪ್ರಾಯದ ಹುಡುಗಿ. ಒಳ್ಳೆಯ ಮಾತಿನಲ್ಲಿ ಹೇಳಿದಳು: ಗಾಳಿಯಾಡುವ ತಂಪು ಕೋಣೆಯಲ್ಲಿ ಮಲಗಿ, ಸಡಿಲವಾದ ಹತ್ತಿ ಬಟ್ಟೆ ಉಡಿ, ರಾತ್ರಿಯೂಟ ಬೇಗ ಆಗಲಿ, ಹಗುರಾಗಿರಲಿ, ಸಂಜೆಯ ಮೇಲೆ ಚಹಾ ಬೇಡ, ಮಲಗಿದ ಮೇಲೆ ಯಾರೂ ಎಬ್ಬಿಸಬಾರದು ಎಂದು ಮನೆಯವರಿಗೆ ಹೇಳಿಡಿ. ನನಗೆ ನಗು ಬಂತು. ಆ ಹುಡುಗಿ ಬೇಸರಪಟ್ಟುಕೊಂಡಳೋ ಏನೋ. ಇದಿಷ್ಟನ್ನೂ ನನ್ನ ತಾಯಿ ಎಷ್ಟೋ ವರ್ಷ ಹಿಂದೆ, ಕುಮಟೆಯಲ್ಲಿ, ಯಾವ ಡಾಕ್ಟರನ್ನೂ ಕಾಣದೆ ತಾನೇ ಕಂಡುಕೊಂಡಿದ್ದಳು. ಅದನ್ನು ಹಾಳು ಮಾಡಿದವಳು ನಾನು. ಅಷ್ಟನ್ನೆಲ್ಲ ಆ ಹುಡುಗಿಗೆ ಹೇಳುತ್ತ ಕೂರಲಿಲ್ಲ.

ಯುದ್ಧದ ವರ್ಷಗಳು. ಅಪ್ಪಯ್ಯ ಮಾಮಲೇದಾರ ಕಚೇರಿಯಲ್ಲಿ ಕಾರಕೂನ. ಮನೆಯಲ್ಲಿ ಅಪ್ಪಯ್ಯ, ಆಯಿ, ಅಪ್ಪಯ್ಯನ ತಾಯಿ ಅಮ್ಮಮ್ಮ, ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದ ಇಬ್ಬರು ಅಣ್ಣಂದಿರು, ಕೊನೆಯವಳು ನಾನು, ಮನೆಯಲ್ಲಿ ಎಲ್ಲರ ಬಾಯಲ್ಲೂ ‘ತಂಗಿ’. ಅಕ್ಕಂದಿರ ಮದುವೆ ಆಗಿಹೋಗಿತ್ತು. ಅಮ್ಮಮ್ಮ ಬೋಳಿಸಿದ ತಲೆಯ ಮೇಲೆ ಕೆಂಪು ಸೀರೆ ಹೊದೆದುಕೊಂಡ ವಿಧವೆ, ಮಡಿಯೆಂದರೆ ಬೆಂಕಿ. ನಮ್ಮ ಮನೆಮಾತಿನಲ್ಲಿ ಹೆಂಗಸನ್ನು ‘ಅವಳು’ ಎನ್ನುವುದಿಲ್ಲ, ‘ಅದು’ ಎನ್ನುತ್ತಾರೆ. ‘ಆಯಿ ಎಲ್ಲಿದ್ದು’ ಎಂದು ಕೇಳುವುದೂ ಹಾಗೆಯೇ, ‘ಎಮ್ಮೆ ಎಲ್ಲಿದ್ದು’ ಎಂದು ಕೇಳುವುದೂ ಹಾಗೆಯೇ. ದೊಡ್ಡವಳಾದ ಮೇಲೆ ಒಬ್ಬ ಪಂಡಿತರು ಇದು ಹಳೆಯ ವ್ಯಾಕರಣದ ಸೊಗಸು ಎಂದು ನನಗೆ ವಿವರಿಸಿದರು. ಸೊಗಸು ಇರಬಹುದು. ಆದರೆ ಎಮ್ಮೆ ಮಧ್ಯಾಹ್ನ ಮಲಗುತ್ತಿತ್ತು.

ಆಯಿಗೆ ಆಗ ನಲವತ್ತೇಳೋ ನಲವತ್ತೆಂಟೋ. ಅವಳು ಮಲಗುತ್ತಿದ್ದದ್ದು ಅಡುಗೆಮನೆಗೆ ತಾಗಿದ ಕತ್ತಲೆ ಕೋಣೆಯಲ್ಲಿ, ಅಮ್ಮಮ್ಮನ ಪಕ್ಕ. ಆ ಕೋಣೆಗೆ ಕಿಟಕಿ ಇಲ್ಲ. ಒಲೆಯ ಕಾವು ಗೋಡೆಯಲ್ಲಿ ಬೆಳಗಿನವರೆಗೂ ಉಳಿಯುತ್ತಿತ್ತು. ಕಳ್ಳರ ಭಯಕ್ಕೆ ಅಮ್ಮಮ್ಮ ಬಾಗಿಲಿಗೆ ಅಗಳಿ ಬೇರೆ ಹಾಕುತ್ತಿದ್ದಳು. ಸೀಮೆಎಣ್ಣೆ ಸಿಗದ ಕಾಲವಾದ್ದರಿಂದ ದೀಪ ಬೇಗ ಆರುತ್ತಿತ್ತು, ಹಾಗಾಗಿ ಆಯಿಯ ಎಚ್ಚರದ ಹೊತ್ತು ಇನ್ನೂ ಉದ್ದ. ಬೆಳಗ್ಗೆ ಎದ್ದು ನೋಡಿದರೆ ಅವಳು ಬಾವಿಕಟ್ಟೆಯ ಹತ್ತಿರ ಕುತ್ತಿಗೆಗೆ ತಣ್ಣೀರು ಹಾಕಿಕೊಳ್ಳುತ್ತ ನಿಂತಿರುತ್ತಿದ್ದಳು. ಕಣ್ಣು ಕೆಂಪಗೆ.

“ನಂಗೆ ನಿದ್ರೆ ಬತ್ತಿಲ್ಲೆ ಅತ್ತೆ” ಎಂದು ಒಮ್ಮೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಅಮ್ಮಮ್ಮ ತಲೆ ಎತ್ತದೆ, “ಚಿಂತೆ ಇಲ್ಲದವಂಗೆ ಸಂತೆಲೂ ನಿದ್ದೆ. ನಿಂಗೆ ಎಂತ ಚಿಂತೆ?” ಎಂದಳು. ಅಪ್ಪಯ್ಯನಿಗೆ ಹೇಳಿದಾಗ ಅವನು ಉಷ್ಣ ಎಂದ. ಉಷ್ಣ ಎಂದ ಮೇಲೆ ಮುಗಿಯಿತು. ಒಂದೆಲಗದ ತಂಬುಳಿ ಆಯಿತು, ಕೊತ್ತಂಬರಿ ಕಷಾಯ ಆಯಿತು. ಯಾರೋ ಗಸಗಸೆ ಪಾಯಸ ಕುಡಿದರೆ ನಿದ್ದೆ ಬರುತ್ತದೆ ಎಂದರು. ಆಯಿ ಗಸಗಸೆ ಅರೆದು, ಕಾಯಿಹಾಲು ಹಿಂಡಿ ಪಾಯಸ ಮಾಡಿದಳು. ಅಪ್ಪಯ್ಯ ಎರಡು ಲೋಟ ಕುಡಿದ, ಅಣ್ಣಂದಿರು ಕುಡಿದರು, ನಾನೂ ಕುಡಿದೆ. ಎಲ್ಲರೂ ಹಗಲೇ ಬಿದ್ದು ಗೊರಕೆ ಹೊಡೆದೆವು. ಮಾಡಿದವಳಿಗೆ ಪಾತ್ರೆ ತೊಳೆಯುವಾಗ ತಳದಲ್ಲಿ ಎಷ್ಟು ಸಿಕ್ಕಿತೋ ಅಷ್ಟು.

ಹಾಗಿದ್ದರೂ ತಿಂಗಳಿಗೆ ಮೂರು ದಿನ ಆಯಿ ಮಲಗುತ್ತಿದ್ದಳು. ಹಿತ್ತಲಲ್ಲಿ ಮನೆಯಿಂದ ಬೇರೆಯಾಗಿ ಒಂದು ಸಣ್ಣ ಕೋಣೆ ಇತ್ತು, ಹೊರಗಾದ ಹೆಂಗಸರಿಗೆ ಅಂತಲೇ. ಪಡುವಣಕ್ಕೆ ಒಂದು ಕಿಟಕಿ. ಆ ಕಿಟಕಿಯಿಂದ ಅಳಿವೆಯ ಕಡೆಯ ಗಾಳಿ ನೇರ ಬರುತ್ತಿತ್ತು. ಒಂದು ಚಾಪೆ, ಒಂದು ಹಳೆಯ ತೆಳು ಸೀರೆ, ಹೊತ್ತು ಮುಳುಗುವ ಮೊದಲೇ ಬಾಳೆಯೆಲೆಯ ಕೀಳಿನಲ್ಲಿ ಇಟ್ಟುಹೋಗುವ ಗಂಜಿ. ಚಹಾ ಇಲ್ಲ, ಯಾಕೆಂದರೆ ಹೊರಗಾದವರಿಗೆ ಲೋಟ ಕೊಡುವ ಹಾಗಿಲ್ಲ. ಯಾರೂ ಮುಟ್ಟುವ ಹಾಗಿಲ್ಲ, ಕರೆಯುವ ಹಾಗಿಲ್ಲ, ಕೆಲಸ ಹೇಳುವ ಹಾಗಿಲ್ಲ. ಡಾಕ್ಟರು ಹುಡುಗಿ ಹೇಳಿದ ಒಂದು ಅಂಶವೂ ಅಲ್ಲಿ ತಪ್ಪಿರಲಿಲ್ಲ. ಹೆಂಗಸು ಹೊಲಸು ಎಂದು ದೂರ ಇಡಲು ಕಟ್ಟಿದ ಕೋಣೆ, ನಮ್ಮ ಮನೆಯಲ್ಲಿ ಅವಳಿಗೆ ಮಲಗಲು ಯೋಗ್ಯವಾಗಿದ್ದದ್ದು ಅದೊಂದೇ. ನಾನು ದೂರದಿಂದ ನೋಡುತ್ತಿದ್ದೆ. ಹಾಡುಹಗಲಲ್ಲಿ ಆಯಿ ಬಾಯಿ ತೆರೆದುಕೊಂಡು ಮಲಗಿರುತ್ತಿದ್ದಳು. ಒಮ್ಮೆ ಸತ್ತೇಹೋಗಿದ್ದಾಳೆ ಅಂದುಕೊಂಡು ಕಿಟಕಿಯಿಂದ ಕಡ್ಡಿ ಎಸೆದಿದ್ದೆ. ಅವಳು ಮಗ್ಗುಲು ಬದಲಿಸಿದಳು.

ನನಗೆ ಆಗ ಒಂಬತ್ತು. ಆಯಿ ಯಾಕೆ ಹೊರಗೆ ಎಂದು ಕೇಳಿದರೆ ಎಲ್ಲ ಮನೆಗಳಲ್ಲಿ ಮಕ್ಕಳಿಗೆ ಹೇಳುವ ಉತ್ತರವನ್ನೇ ನನಗೂ ಹೇಳಿದ್ದರು: ಕಾಗೆ ಮುಟ್ಟಿತು. ನಾನು ನಂಬಿದ್ದೆ. ಕಾಗೆ ಹಾರಿ ಬರುತ್ತದೆ, ಹೆಂಗಸರ ತಲೆಯನ್ನೋ ಭುಜವನ್ನೋ ತಾಗಿಸಿ ಹೋಗುತ್ತದೆ, ಮುಗಿಯಿತು, ಮೂರು ದಿನ ಹೊರಗೆ. ಕಾಗೆಗೆ ಗಂಡಸರು ಯಾಕೆ ಕಾಣುವುದಿಲ್ಲ ಎಂದು ಒಮ್ಮೆ ಕೇಳಿ ಅಮ್ಮಮ್ಮನಿಂದ ಬೈಸಿಕೊಂಡಿದ್ದೆ.

ನಾಲ್ಕನೇ ದಿನ ಮಡಿವಾಳರ ಹೆಂಗಸು ಬಂದು ಮೈಲಿಗೆ ಬಟ್ಟೆಯ ಗಂಟನ್ನು ಹೊಳೆಗೆ ಒಯ್ಯುತ್ತಿದ್ದಳು. ಆಯಿ ಮಿಂದು ಒಳಗೆ ಬರುತ್ತಿದ್ದಳು. ಆ ದಿನ ಅವಳ ಮುಖ ತಿಳಿಯಾಗಿರುತ್ತಿತ್ತು, ನನ್ನ ಜಡೆ ಹೆಣೆಯುವಾಗ ಎಳೆಯುತ್ತಿರಲಿಲ್ಲ. ಆ ವರ್ಷ ಅಮ್ಮಮ್ಮ ಎರಡು ಮೂರು ಸಲ ಹೇಳಿದ್ದು ನೆನಪಿದೆ: “ಇದಕ್ಕೆ ಈ ಪ್ರಾಯದಲ್ಲೂ ಪಂಚಾಂಗ ನೋಡಿದ ಹಾಂಗೆ ತಿಂಗಳು ತಿಂಗಳು ಸಮಾ ಬತ್ತು.” ಆಯಿ ಪಂಚಾಂಗ ನೋಡಿಯೇ ಹೊರಗಾಗುತ್ತಿದ್ದಳು ಎಂದು ಆಮೇಲೆ ತಿಳಿಯಿತು. ಮುಟ್ಟು ಹಿಂದಿನ ಚೌತಿಗೇ ನಿಂತುಹೋಗಿತ್ತು. ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಅವಳು ಖಾಯಂ ಒಳಗೆ, ತಿಂಗಳ ಮೂವತ್ತು ದಿನವೂ ಅಡುಗೆಮನೆ, ಮೂವತ್ತು ರಾತ್ರಿಯೂ ಆ ಕಿಟಕಿಯಿಲ್ಲದ ಕೋಣೆ. ಮೂರು ದಿನದ ನಿದ್ದೆಗೋಸ್ಕರ ಅವಳು ಸುಳ್ಳು ಮೈಲಿಗೆಯಾಗುತ್ತಿದ್ದಳು. ಗೊತ್ತಿದ್ದವಳು ಒಬ್ಬಳೇ, ಬಟ್ಟೆ ಒಯ್ಯುವ ಆ ಮಡಿವಾಳರ ಹೆಂಗಸು. ಅವಳು ತುಟಿ ಬಿಚ್ಚಿರಲಿಲ್ಲ.

ಬೇಸಿಗೆಯಲ್ಲಿ ಅಜ್ಜನ ತಿಥಿ ಬರುತ್ತಿತ್ತು. ಹಲಸಿನ ಹಪ್ಪಳದ ಸುಗ್ಗಿಯೂ ಆಗಲೇ. ಆ ವರ್ಷ ತಿಥಿಯ ಹಿಂದಿನ ದಿನ ಅಂಗಳದ ತುಂಬ ಹಪ್ಪಳ ಹರವಿ, ನನ್ನ ಕೈಗೆ ಒಂದು ಉದ್ದ ಕೋಲು ಕೊಟ್ಟು ಕಾಗೆ ಕಾಯಲು ಕೂರಿಸಿದರು. ಆಯಿ ಅಂಗಳದ ಮೂಲೆಯಲ್ಲಿ ಬೆಳಗ್ಗಿನಿಂದ ಹಪ್ಪಳ ತಟ್ಟುತ್ತಿದ್ದಳು. ಹಿಂದಿನ ಎಂಟು ಹತ್ತು ದಿನ ಅವಳು ಕಣ್ಣು ಮುಚ್ಚಿದ ಹಾಗೆ ಇರಲಿಲ್ಲ. ತಟ್ಟುತ್ತ ತಟ್ಟುತ್ತ ಕೈ ನಿಂತುಹೋಗುತ್ತಿತ್ತು, ತಲೆ ಮುಂದಕ್ಕೆ ಬೀಳುತ್ತಿತ್ತು, ಬೆಚ್ಚಿ ಮತ್ತೆ ತಟ್ಟುತ್ತಿದ್ದಳು. ಮರುದಿನ ಮೂವತ್ತು ಎಲೆಯ ತಿಥಿ ಅಡುಗೆ. ನಾನು ಮಾತ್ರ ನನ್ನ ಕೆಲಸ ಚೊಕ್ಕಟವಾಗಿ ಮಾಡಿದೆ. ಒಂದು ಹಪ್ಪಳಕ್ಕೂ ಕೊಕ್ಕು ತಾಗಲು ಬಿಡಲಿಲ್ಲ. ಒಂದೆರಡು ಕಾಗೆ ತೆಂಗಿನ ಗರಿಯ ಮೇಲೆ ಕೂತು ಹತಾಶವಾಗಿ ಎದ್ದುಹೋದವು. ಅಂಗಳಕ್ಕೆ ಇಳಿಯಲಿಲ್ಲ.

ಸಂಜೆ ಹಪ್ಪಳ ಒಟ್ಟುಮಾಡುವ ಹೊತ್ತಿಗೆ ಆಯಿ ಎದ್ದು ದೂರ ನಿಂತು ಅಮ್ಮಮ್ಮನಿಗೆ ಹೇಳಿದಳು: “ಅತ್ತೆ, ಕಾಗೆ ಮುಟ್ಟಿತು.” ಅಮ್ಮಮ್ಮ ಹಣೆ ಚಚ್ಚಿಕೊಂಡಳು. ನಾಳೆ ತಿಥಿ, ಇವತ್ತು ಇದು. ಅಡುಗೆಗೆ ಕತಗಾಲದಿಂದ ಅಪ್ಪಯ್ಯನ ತಂಗಿ, ನಮ್ಮ ಅತ್ತೆ, ಆಗಲೇ ಬಂದಾಗಿತ್ತು, ಅದೊಂದು ಪುಣ್ಯ. ಆದರೂ ಅಮ್ಮಮ್ಮನ ಸಿಟ್ಟು ಎಲ್ಲಾದರೂ ಇಳಿಯಬೇಕಲ್ಲ. ನನ್ನ ಕಡೆ ತಿರುಗಿ, “ಕಾಗೆ ಕಾಯಲೆ ಕೂರ್ಸಿದ್ರೆ ಆಯಿಗೇ ಮುಟ್ಟಿಸ್ಕಂಡು ಕೂತ್ಯನೆ, ದಂಡಪಿಂಡವೇ!” ಎಂದಳು. ಅತ್ತೆ ಕಿಸಕ್ಕನೆ ನಕ್ಕಳು.

ನನಗೆ ಆದ ಅವಮಾನ ಅಷ್ಟಿಷ್ಟಲ್ಲ. ಇಡೀ ದಿನ ಬಿಸಿಲಿನಲ್ಲಿ ಕೂತು ಕಾದಿದ್ದೆ. ನಾನಿರುವಾಗ ಕಾಗೆ ಎಲ್ಲಿಂದ ಬಂತು? ಆಯಿಯೇ ಸುಳ್ಳು ಹೇಳಿದ್ದಾಳೆ, ಬೈಸಿಕೊಂಡದ್ದು ನಾನು. ಆ ಸಿಟ್ಟನ್ನು ಇಟ್ಟುಕೊಂಡೇ ಬೆಳಗು ಮಾಡಿದೆ.

ಮರುದಿನ ತಿಥಿ ನಡೆಯಿತು. ಪಿಂಡವನ್ನು ಎಲೆಯಲ್ಲಿಟ್ಟು ಅಂಗಳದ ಕಟ್ಟೆಯ ಮೇಲೆ ಕಾಗೆಗೆ ಇಟ್ಟರು. ಅಪ್ಪಯ್ಯ ಕೈ ಮುಗಿದು ನಿಂತ. ಕಾಗೆ ಬರಲಿಲ್ಲ. ಬಹಳ ಹೊತ್ತಾಯಿತು. ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಅಸಮಾಧಾನ ಎಂದು ಅರ್ಥ. ಭಟ್ಟರು ಆಕಾಶ ನೋಡಿದರು, ಊಟಕ್ಕೆ ಬಂದವರು ಹೊಟ್ಟೆ ಹಿಡಿದುಕೊಂಡು ಕೂತರು. ಅಮ್ಮಮ್ಮ ನಡುಗುವ ದನಿಯಲ್ಲಿ, “ಎಂತ ಬೇಕಾಜು ಹೇಳಿ, ಎಂತ ತಪ್ಪಾಜು?” ಎಂದು ಖಾಲಿ ಆಕಾಶವನ್ನು ಕೇಳುತ್ತಿದ್ದಳು. ಆಗ ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ: “ನಿನ್ನೆಯಿಂದಲೇ ಕಾಗೆ ಬಂಜಿಲ್ಲೆ ಅಮ್ಮಮ್ಮ. ಆಯಿಗೂ ಮುಟ್ಟಿದ್ದಿಲ್ಲೆ. ನಾ ದಿನಪೂರ್ತಿ ನೋಡ್ತಾ ಇದ್ದಿದ್ದೆ. ಆಯಿ ಸುಳ್ಳು ಹೇಳಿದ್ದು.”

ಊಟಕ್ಕೆ ಬಂದ ಗಂಡಸರು ನಕ್ಕರು. ಮಗುವಿನ ಮಾತು. ಅಮ್ಮಮ್ಮ ನಗಲಿಲ್ಲ. ಅವಳು ಹಿತ್ತಲ ಕೋಣೆಯ ಕಡೆ ನೋಡಿದಳು, ಬೆರಳು ಮಡಚಿ ಏನನ್ನೋ ಎಣಿಸಿದಳು. ಆಯಿಯ ವಯಸ್ಸನ್ನು ಎಣಿಸಿದಳೋ, ಪಂಚಾಂಗದ ಹಾಗೆ ಬರುತ್ತಿದ್ದ ತಿಂಗಳುಗಳನ್ನೋ. ಅಷ್ಟರಲ್ಲಿ ಒಂದು ಕಾಗೆ ಬಂದು ಪಿಂಡ ಮುಟ್ಟಿತು. ಎಲ್ಲರೂ ಊಟಕ್ಕೆ ಎದ್ದರು.

ನಾಲ್ಕನೇ ದಿನ ಮಡಿವಾಳರ ಹೆಂಗಸು ಬಂದಾಗ ಅಮ್ಮಮ್ಮ ದಾರಿ ಕಟ್ಟಿ ನಿಂತಿದ್ದಳು. ಗಂಟಿನಲ್ಲಿ ಎಂತ ಇದೆ, ಎಷ್ಟು ತಿಂಗಳಿಂದ ಹೀಗೆ, ನಿಜ ಹೇಳು ಎಂದಳು. ಆ ಹೆಂಗಸು ಗಂಟನ್ನು ಬಗಲಿಗೆ ಒತ್ತಿ ಹಿಡಿದುಕೊಂಡು, “ನಂಗೆಂತ ಗೊತ್ತು ಅಮ್ಮಾ? ತೊಳೂದು ನನ್ ಕೆಲ್ಸ, ನೋಡೂದಲ್ಲ” ಎಂದಳು. ಅಮ್ಮಮ್ಮ ಗಂಟನ್ನು ನೆಲಕ್ಕೆ ಹಾಕಿಸಿ, ನಾನು ಕಾಗೆ ಕಾಯ್ದ ಕೋಲಿನಿಂದಲೇ ಬಿಡಿಸಿದಳು. ಬಟ್ಟೆ ಒಗೆದಿಟ್ಟ ಹಾಗೇ ಇತ್ತು. ಮಡಿಕೆಯೂ ಮುರಿದಿರಲಿಲ್ಲ.

ಆ ಹೆಂಗಸಿಗೆ ಅವತ್ತಿನಿಂದ ನಮ್ಮ ಮನೆ ತಪ್ಪಿತು. ಸುಳ್ಳಿಗೆ ಕೂಡಿದವಳು ಎಂದು ಬೇರೆ ಮನೆಗಳಲ್ಲೂ ಹೇಳಿ ಬಿಡಿಸಿದರು. ಹೆತ್ತ ಮಗಳಾದ ನಾನು ಆಡಿಬಿಟ್ಟ ಗುಟ್ಟನ್ನು ಅವಳು ಅಷ್ಟೂ ತಿಂಗಳು ನುಂಗಿಕೊಂಡಿದ್ದಳು.

ಜಗುಲಿಯಲ್ಲಿ ವಿಚಾರಣೆಯಾಯಿತು. ಅಪ್ಪಯ್ಯ ಕುರ್ಚಿಯಲ್ಲಿ, ಅತ್ತೆ ಕಂಬಕ್ಕೆ ಒರಗಿಕೊಂಡು, ಅಮ್ಮಮ್ಮ ನೆಲದ ಮೇಲೆ. ಆಯಿ ಒದ್ದೆ ಕೂದಲಲ್ಲಿ ಬಾಗಿಲ ಹತ್ತಿರ ನಿಂತಿದ್ದಳು. ಮುಟ್ಟು ನಿಂತು ಎಷ್ಟಾಯಿತು ಎಂದು ಅಮ್ಮಮ್ಮ ಕೇಳಿದಳು. ಆಯಿ ಹೇಳಿದಳು. “ಮತ್ತೆ ಎಂತಕ್ಕೆ ಹೊರಗೆ ಕೂತ್ಕತ್ತಿದ್ದೆ?”

“ನಿದ್ರೆ ಮಾಡಲೆ.”

ಅಪ್ಪಯ್ಯ ನಕ್ಕುಬಿಟ್ಟ. ಬೈದಿದ್ದರೆ, ಹೊಡೆದಿದ್ದರೂ ಇಷ್ಟು ಕಹಿ ನನ್ನ ಬಾಯಲ್ಲಿ ಉಳಿಯುತ್ತಿರಲಿಲ್ಲವೇನೋ. ಅವನು ಕೆಟ್ಟವನಲ್ಲ. ಅವನಿಗೆ ನಿಜವಾಗಿಯೂ ಅದು ತಮಾಷೆಯಾಗಿ ಕಂಡಿತು. “ನಿದ್ರೆ ಮಾಡಲೆ! ಸಾಯ್ಲಿ, ನಾ ಎಂತದೋ ದೊಡ್ಡ ವಿಷಯ ಅಂದ್ಕಂಡಿದ್ದೆ” ಎಂದು ಹೆಗಲ ಮೇಲಿನ ಪಂಚೆ ಸರಿಮಾಡಿಕೊಂಡು ಕಚೇರಿಗೆ ಹೊರಟ. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ನಗದಿದ್ದವಳು ಅಮ್ಮಮ್ಮ ಒಬ್ಬಳೇ. ಅವಳ ಸಿಟ್ಟಿನ ಕಾರಣ ನನಗೆ ಈಗ ತಿಳಿಯುತ್ತದೆ. ಆಯಿ ಹೊರಗಿದ್ದ ಮೂರು ದಿನವೂ ಒಲೆಯ ಮುಂದೆ ಕೂರುತ್ತಿದ್ದವಳು ಅವಳು, ಎಪ್ಪತ್ತು ದಾಟಿದ ಬಾಗಿದ ಬೆನ್ನಿನವಳು. ಒಬ್ಬಳು ಮಲಗಬೇಕಾದರೆ ಇನ್ನೊಬ್ಬಳು ಏಳಬೇಕು, ಆ ಮನೆಯ ಲೆಕ್ಕ ಅಷ್ಟೇ ಇತ್ತು. ಮೂರು ಗಂಡಾಳು ಹೊಟ್ಟೆ ತುಂಬಿಸಿಕೊಳ್ಳುವ ಮನೆಯಲ್ಲಿ ಅವರಲ್ಲಿ ಯಾರಾದರೂ ಒಂದು ದಿನ ಗಂಜಿ ಬೇಯಿಸಿದ್ದರೆ ಆಗುತ್ತಿತ್ತು ಎಂದು ಯಾರ ತಲೆಗೂ ಹೊಳೆಯಲಿಲ್ಲ. ಅಮ್ಮಮ್ಮ ಯಾಕೆ ಹಾಗೆ ಮಾಡಿದಳು ಎಂದು ಅರ್ಥ ಮಾಡಿಕೊಂಡಿದ್ದೇನೆ. ಕ್ಷಮಿಸಿಲ್ಲ.

ಶಿಕ್ಷೆ ಅಂತ ಯಾರೂ ಕೊಡಲಿಲ್ಲ. ಬಡ್ತಿ ಕೊಟ್ಟರು. “ನಿಂಗೆ ಇನ್ನು ಅಡ್ಡಿ ಇಲ್ಲೆ. ಪುಣ್ಯವಂತೆ. ಎಲ್ಲಾ ಮಡಿಗೂ ಆಗ್ತೆ” ಎಂದು ಅಮ್ಮಮ್ಮ ಒಲೆಯನ್ನು ಪೂರ್ತಿ ಆಯಿಗೆ ಬಿಟ್ಟುಕೊಟ್ಟಳು. ವ್ರತ, ನೈವೇದ್ಯ, ತಿಥಿ, ಹಬ್ಬ, ಎಲ್ಲ. ಹಿತ್ತಲ ಕೋಣೆಗೆ ಮಳೆಗಾಲದ ಸೌದೆ ತುಂಬಿದರು. ಸೌದೆ ನೆನೆಯಬಾರದೆಂದು ಪಡುವಣ ಕಿಟಕಿಗೆ ಹಲಗೆ ಹೊಡೆದರು. ಆ ಹಲಗೆ ಹೊಡೆಯುವಾಗ ಆಯಿ ಒಳಗೆ ದೋಸೆಗೆ ಅರೆಯುತ್ತಿದ್ದಳು. ಹೊರಗೆ ಬಂದು ನೋಡಲಿಲ್ಲ.

ಆಮೇಲಿನ ವರ್ಷಗಳಲ್ಲಿ ಅವಳು ಬಾವಿಯಲ್ಲಿ ಎರಡು ಕೊಡ ಬೀಳಿಸಿದಳು. ಸಾರಿಗೆ ಉಪ್ಪು ಎರಡೆರಡು ಸಲ ಬೀಳುತ್ತಿತ್ತು. ಒಮ್ಮೆ ಗಂಜಿ ಬಸಿಯುವಾಗ ನಿಂತಲ್ಲೇ ತೂಕಡಿಸಿ ಎಡಗೈ ಸುಟ್ಟುಕೊಂಡಳು. ಮುಂಗೈಯಿಂದ ಮೊಣಕೈವರೆಗೆ ಚರ್ಮ ಎದ್ದಿತ್ತು. “ಗಮನ ಇಲ್ಲೆ ಇದಕ್ಕೆ” ಎಂದ ಅಪ್ಪಯ್ಯ.

ಸುದ್ದಿ ಕತಗಾಲದ ಅತ್ತೆಯ ಬಾಯಿಂದ ನೆಂಟರ ಮನೆಗಳಿಗೆಲ್ಲ ಹೋಗಿತ್ತು. ಹೊನ್ನಾವರದಲ್ಲಿ ಒಂದು ಮದುವೆ. ಅಡುಗೆಮನೆ ತುಂಬ ಹೆಂಗಸರು ಕಾಯಿ ತುರಿಯುತ್ತ ಕೂತಿದ್ದರು. ಆಯಿ ಒಳಗೆ ಕಾಲಿಟ್ಟದ್ದೇ ಒಬ್ಬಳು, “ಅತ್ತಿಗೆ, ನಮ್ಮೂರಲ್ಲಿ ಕಾಗೆ ಜಾಸ್ತಿ, ಜಾಗ್ರತೆ” ಎಂದಳು. ಇನ್ನೊಬ್ಬಳು ಚಾಪೆ ಹಾಸಿಕೊಡಲೇ ಎಂದಳು. ಮನೆ ಹಾರಿಹೋಗುವ ಹಾಗೆ ನಗು. ಅಲ್ಲಿದ್ದವರಲ್ಲಿ ಅರ್ಧ ಜನ ಆಯಿಯ ಪ್ರಾಯದವರು. ಅವರ ಕಣ್ಣ ಕೆಳಗೂ ಕಪ್ಪು ಕಟ್ಟಿತ್ತು. ಒಬ್ಬಳಾದರೂ, ನನಗೂ ಹಾಗೇ ಆಗುತ್ತದೆ ಮಾರಾಯ್ತಿ, ಅನ್ನಬಹುದಿತ್ತು. ಆಯಿ ಎಲ್ಲರ ಜೊತೆ ನಕ್ಕು, ಈಳಿಗೆ ಮಣೆ ಎಳೆದುಕೊಂಡು ಕೂತಳು. ದೊಡ್ಡವರ ಗುಂಪಿನಲ್ಲಿ ಸೇರಿಸಿಕೊಂಡರಲ್ಲ ಎಂಬ ಖುಷಿಗೆ ನಾನೂ ನಕ್ಕೆ.

ನನಗೆ ಹದಿಮೂರಾಗುವ ಹೊತ್ತಿಗೆ ಅಪ್ಪಯ್ಯನಿಗೆ ಭಟ್ಕಳಕ್ಕೆ ವರ್ಗವಾಯಿತು. ಬಾಡಿಗೆ ಮನೆ. ಅದಕ್ಕೂ ಹಿಂದುಗಡೆ ಒಂದು ತಂಪಾದ ಚಿಟ್ಟೆ, ಎಂದರೆ ಸಣ್ಣ ಜಗುಲಿ, ಮೂರು ಕಡೆ ಗೋಡೆ, ಒಂದು ಕಡೆ ತೆರಪು. ನಾನು ದೊಡ್ಡವಳಾದದ್ದು ಅಲ್ಲಿಯೇ. ಅಮ್ಮಮ್ಮ ನನ್ನನ್ನು ಎದುರಿಗೆ ನಿಲ್ಲಿಸಿ ಎಲ್ಲ ನಿಯಮ ಹೇಳಿದಳು. ಯಾರನ್ನೂ ಮುಟ್ಟಬಾರದು. ಹೊರಗಾದವರು ಮುಟ್ಟಿದರೆ ಮುಟ್ಟಿಸಿಕೊಂಡವರು ಮೀಯಬೇಕು, ಮಿಂದರೂ ಮರುದಿನ ಹೊತ್ತು ಮೂಡುವವರೆಗೆ ಅಡುಗೆಮನೆಗೆ ಹೋಗುವಂತಿಲ್ಲ, ಚಿಟ್ಟೆಯಲ್ಲೇ ಇರಬೇಕು. ಬೇರೆ ಮನೆಗಳಲ್ಲಿ ಮಿಂದರೆ ಸಾಕಿತ್ತು. ನಮ್ಮಲ್ಲಿ ಅಮ್ಮಮ್ಮನ ಕಾನೂನು. ನಾನು ಗಂಭೀರವಾಗಿ ತಲೆಯಾಡಿಸಿದೆ. ಕಾಗೆಯ ಗುಟ್ಟು ತಿಳಿದವರ ಸಾಲಿಗೆ ಸೇರಿದೆನೆಂದು ನನಗೆ ಜಂಬ.

ಮಧ್ಯಾಹ್ನ ಆಯಿ ಎಲೆಯಲ್ಲಿ ಊಟ ತಂದು ದೂರದಲ್ಲಿಟ್ಟಳು. ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತಳು. ಗಾಳಿ ಬೀಸುತ್ತಿತ್ತು. “ಇಲ್ಲಿ ಗಾಳಿ ಚೊಲೊ ಬತ್ತು” ಎಂದಳು. ನಾನು ಊಟ ಮಾಡುತ್ತಿದ್ದೆ. ಅವಳು ಒಂದು ಸಲ ಅಡುಗೆಮನೆಯ ಕಡೆ ತಿರುಗಿ ನೋಡಿ, ಸುಟ್ಟ ಕಲೆಯಿದ್ದ ಎಡಗೈಯನ್ನು ನನ್ನ ಕಡೆ ಚಾಚಿದಳು.

“ತಂಗೀ, ಒಂದ್ಸಲ ಮುಟ್ಟು.”

ನನಗೆ ಅರ್ಥವಾಗಲಿಲ್ಲ ಎಂದು ಬರೆಯಬಹುದು. ಸುಳ್ಳಾಗುತ್ತದೆ. ಅರ್ಥವಾಗಿತ್ತು. ಅವಳೇ ಮುಟ್ಟಿದರೆ ಅವಳ ತಪ್ಪು, ಮತ್ತೆ ವಿಚಾರಣೆ, ಮತ್ತೆ ನಗು. ಹೊಸದಾಗಿ ಹೊರಗಾದ ಹುಡುಗಿ ಮರೆತು ಮುಟ್ಟಿದಳು ಎಂದರೆ ಯಾರ ತಪ್ಪೂ ಅಲ್ಲ, ಅರ್ಧ ಹಗಲು ಒಂದು ರಾತ್ರಿ ಅವಳಿಗೆ ಸಿಗುತ್ತಿತ್ತು. ಅಷ್ಟನ್ನೇ ಕೇಳುತ್ತಿದ್ದಳು.

ನಾನು ಗೋಡೆಗೆ ಆತುಕೊಂಡು ಹಿಂದೆ ಸರಿದೆ. “ಮುಟ್ಟಡ ಆಯಿ! ಅಮ್ಮಮ್ಮಂಗೆ ಹೇಳ್ತೆ ನೋಡು.”

ಆಯಿ ಕೈ ಎಳೆದುಕೊಂಡಳು. “ಆತು” ಎಂದಳು. ಮಂಡಿಗೆ ಕೈಯೂರಿ ಎದ್ದು, ಒಳಗೆ ಹೋಗಿ ಕಾಯಿ ತುರಿಯಲು ಕೂತಳು. ನಾನು ಉಂಡು, ಎಲೆ ಎತ್ತಿ, ಚಾಪೆಯ ಮೇಲೆ ಅಡ್ಡಾದೆ, ಸಂಜೆಯವರೆಗೂ ಚೆನ್ನಾಗಿ ನಿದ್ದೆ ಮಾಡಿದೆ.